ತಲೆ ಬೋಳಿಸಿದರೆ ಹುಡುಗ ಸರಿಹೋಗುತ್ತಾನೆಯೇ

ಬ್ಲಫ್

ದೂರದೇಶಕ್ಕೆ ಹೊರಟವನು ಒಡಹುಟ್ಟಿದವರಿಗೆ ಹೇಳಿ ಹೋಗಬೇಕು. ಅದಕ್ಕೇ ಮಳವಳ್ಳಿಯಿಂದ ಬಸ್ಸು ಹತ್ತಿ ಜಲಪಾತದ ಪಕ್ಕದ ಊರು ಬ್ಲಫಿಗೆ ಹೋದೆ. ಅಲ್ಲಿ ನನ್ನ ಕೊನೆಯ ತಂಗಿ ಜಯಮ್ಮ ಇದ್ದಾಳೆ. ಅವಳ ಗಂಡ ನಂಜುಂಡನಿಗೆ ಪವರ್ ಹೌಸಿನಲ್ಲಿ ಕೆಲಸ. ಇರುವುದು ಕ್ವಾರ್ಟರ್ಸಿನಲ್ಲಿ. ನಾಡಿಗೆಲ್ಲ ಕರೆಂಟು ಕೊಟ್ಟ ಊರಾದರೂ ಆ ದಿನ ನಾನು ಹೋದಾಗ ಅವರ ಮನೆಯಲ್ಲೇ ಕರೆಂಟು ಇರಲಿಲ್ಲ. ಕತ್ತಲೆ ಹಜಾರದಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತೆವು.

ನಾನು ಹೊರಟಿದ್ದು ನ್ಯೂಜಿಲೆಂಡಿಗೆ. ಮಗಳು ಪವಿತ್ರ ಅಲ್ಲಿ ನರ್ಸು. ಅಳಿಯ ಮಹೇಶ ಮದ್ದೂರಿನವನು, ಅಲ್ಲಿನ ಹಾಲಿನ ಕಾರ್ಖಾನೆಯಲ್ಲಿದ್ದಾನೆ. ಮಗಳ ಮನೆ ನೋಡಿಕೊಂಡು, ನಾಲ್ಕು ದಿನ ಚಳಿಯಲ್ಲಿ ನಡುಗಿ ಬರೋಣ ಅಂತ ನನ್ನ ಯೋಜನೆ. ಆದರೆ ತಂಗಿ ನನ್ನ ಹೆಗಲಿಗೆ ಬೇರೆಯೇ ಹೊರೆ ಹೊರಿಸಿದಳು.

ವಿಷಯ ಇಷ್ಟೆ. ಅವಳ ಮಗ ಪ್ರಜ್ವಲ, ಪಿಯುಸಿಗೆ ಹೋಗಬೇಕಾದವನು, ದೊಡ್ಡ ಹುಡುಗರ ಜೊತೆ ಸೇರಿ ಗೆಜ್ಜಲಗೆರೆಯ ಕಾರ್ಖಾನೆಗಳ ಮುಂದೆ ನಿಲ್ಲಿಸಿದ್ದ ಬೈಕುಗಳನ್ನು ಎತ್ತಿದ್ದ. ಮಾರುವುದಕ್ಕಲ್ಲ. ಪೆಟ್ರೋಲು ಮುಗಿಯುವವರೆಗೂ ಓಡಿಸಿ ಎಲ್ಲೋ ಬಿಟ್ಟು ಬರುವುದಕ್ಕೆ. ಸಿಕ್ಕಿಬಿದ್ದ. ಇನ್ನೂ ಮೈನರು ಅಂತ ಮಂಡ್ಯದ ಮಕ್ಕಳ ಕೋರ್ಟಿನಲ್ಲಿ ಬುದ್ಧಿ ಹೇಳಿ ಮನೆಗೆ ಕಳಿಸಿದರು. ಮನೆಗೆ ಬಂದಾಗಿನಿಂದ ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾನೆ. ಊರಲ್ಲಿ ಯಾರದೇ ಗಾಡಿ ಕಾಣದಿದ್ದರೂ ಮೊದಲು ಇವರ ಬಾಗಿಲಿಗೆ ಬರುತ್ತಾರಂತೆ.

ಹೀಗಿರುವಾಗ ಯಾರೋ ಜಯಮ್ಮನ ಫೋನಿಗೆ ಒಂದು ವಿಡಿಯೋ ಕಳಿಸಿದ್ದರು. ಕನಕಪುರದ ಕಡೆ ಒಂದು ಶಿಸ್ತಿನ ಕ್ಯಾಂಪಂತೆ, ಮಿಲಿಟರಿಯಿಂದ ಬಂದವರು ನಡೆಸುವುದು. ಬೋಳುತಲೆಯ ಹುಡುಗರು ಕೆಸರಲ್ಲಿ ತೆವಳುತ್ತ "ಯಸ್ ಸಾರ್" ಅನ್ನುತ್ತಿದ್ದರು. ಅಲ್ಲಿಗೆ ಹೋಗಿ ಬಂದವರು ಚಿನ್ನದಂಥ ಹುಡುಗರಾಗಿದ್ದಾರೆ ಅಂತ ಅದರಲ್ಲಿ ಒಬ್ಬ ತಂದೆ ಹೇಳುತ್ತಿದ್ದ.

"ಅಣ್ಣ, ಇಂತಾ ಕ್ಯಾಂಪೆಲ್ಲ ಮೊದ್ಲು ಸುರುವಾಗಿದ್ದೇ ಫಾರಿನ್ನಲ್ಲಂತೆ" ಅಂದಳು ಜಯಮ್ಮ. "ನೀನೆಂಗೂ ಓಯ್ತಿದ್ದೀಯ. ನೋಡ್ಕಂಡು, ಕೇಳ್ಕಂಡು ಬಾ. ಕಳ್ಸು ಅಂದ್ರೆ ಕಳಿಸ್ತೀವಿ, ಬ್ಯಾಡ ಅಂದ್ರೆ ಬುಡ್ತೀವಿ."

"ಡ್ರಿಲ್ ಮೇಷ್ಟ್ರು ನೀವು. ನಿಮ್ಗಿಂತ ಇನ್ಯಾರಿಗೆ ಗೊತ್ತಾಯ್ತದೆ ಭಾವ? ಒಂದ್ ಮಾತು ಏಳ್ಬುಡಿ" ಅಂದ ನಂಜುಂಡ.

ನನಗೂ ಒಳಗೊಳಗೇ ಹೆಮ್ಮೆಯಾಯಿತು. ನಿವೃತ್ತಿಯಾಗುವವರೆಗೂ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ನನ್ನ ಸೀಟಿಗೆ ಹೆದರದ ಹುಡುಗ ಮಳವಳ್ಳಿ ತಾಲ್ಲೂಕಿನಲ್ಲೇ ಇಲ್ಲ ಅಂತ ನಾನೇ ಹೇಳಿಕೊಂಡು ತಿರುಗಿದವನು. ಕಳಿಸಿ ಅನ್ನುವ ಮಾತು ಆಗಲೇ ನಾಲಿಗೆ ತುದಿಯಲ್ಲಿತ್ತು. ಆದರೂ ನೋಡಿಕೊಂಡು ಬಂದು ಹೇಳಿದರೆ ತೂಕ ಜಾಸ್ತಿ ಅಂತ ಸುಮ್ಮನಾದೆ. ಪ್ರಜ್ವಲ ನೀರು ತಂದುಕೊಟ್ಟು ಹಿತ್ತಲಿಗೆ ಹೋದವನು ನಾನು ಹೊರಡುವವರೆಗೂ ಈಚೆ ಬರಲಿಲ್ಲ.

ಆಕ್ಲೆಂಡಿನ ವಿಮಾನ ನಿಲ್ದಾಣ

ಆ ದೇಶದಲ್ಲಿ ನನ್ನನ್ನು ಮೊದಲು ವಿಚಾರಿಸಿಕೊಂಡವರು ಪೊಲೀಸರಲ್ಲ, ನನ್ನ ಶೂ ವಿಚಾರಿಸಿಕೊಳ್ಳುವವರು. ಹೊರಗಿನ ಮಣ್ಣು, ಬೀಜ, ಹಾಲು, ತುಪ್ಪ ಯಾವುದೂ ಒಳಗೆ ಬರಕೂಡದು. ಹೆಂಡತಿ ಮಗಳಿಗೆಂದು ಕಾಯಿಸಿ ಕೊಟ್ಟಿದ್ದ ತುಪ್ಪವನ್ನು ಒಬ್ಬ ಅಧಿಕಾರಿ ನಯವಾಗಿ ಮೂಸಿ ನೋಡಿ ನಯವಾಗಿಯೇ ಕಸದ ಡಬ್ಬಿಗೆ ಹಾಕಿದ.

ಆಮೇಲೆ ಒಬ್ಬಳು ಹುಡುಗಿ ನನ್ನ ಶೂ ಬಿಚ್ಚಿಸಿದಳು. ಅಟ್ಟೆಯಲ್ಲಿ ಮಳವಳ್ಳಿ ಮೈದಾನದ ಕೆಂಪು ಮಣ್ಣು ಹಾಗೇ ಇತ್ತು. ಈಗ ದಂಡ ಹಾಕುತ್ತಾಳೆ ಅಂತ ನಾನು ಸಾವಧಾನ್ ಭಂಗಿಯಲ್ಲಿ ನಿಂತೆ. ಅವಳು ಶೂ ಒಳಗೆ ತೆಗೆದುಕೊಂಡು ಹೋಗಿ, ಬ್ರಷ್ಷು ಹಾಕಿ ತಿಕ್ಕಿ, ತೊಳೆದು, ಒರೆಸಿ ತಂದುಕೊಟ್ಟಳು. ಜೊತೆಗೆ ಥ್ಯಾಂಕ್ಯೂ ಅಂದಳು. ತಪ್ಪು ಮಾಡಿದವನು ನಾನು, ಥ್ಯಾಂಕ್ಯೂ ಅಂದವಳು ಅವಳು. ಮಗಳ ವಯಸ್ಸಿನ ಹುಡುಗಿ ನನ್ನ ಕಾಲಿನದನ್ನು ಕೈಯಲ್ಲಿ ತೊಳೆದಳಲ್ಲ ಅಂತ ಸಂಕೋಚದಿಂದ ಕುಗ್ಗಿಹೋದೆ. ಇದು ಶಿಕ್ಷೆಯೋ ಉಪಚಾರವೋ ನನಗೆ ಬಗೆಹರಿಯಲಿಲ್ಲ.

ಹೊರಗೆ ಕಾಯುತ್ತಿದ್ದ ಮಹೇಶನಿಗೆ ಹೇಳಿದರೆ ಅವನು ನಕ್ಕುಬಿಟ್ಟ. "ಬುಡಿ ಮಾವ, ನಮ್ಮಪ್ಪಂದೂ ತೊಳ್ದಿದ್ರು. ಅದ್ರಲ್ಲಿ ಸಗಣಿ ಬೇರೆ ಇತ್ತು."

ಹ್ಯಾಮಿಲ್ಟನ್

ಮಗಳ ಊರು ಇದು. ಸುತ್ತ ಎಲ್ಲಿ ನೋಡಿದರೂ ಹುಲ್ಲು, ಹಸು. ನಮ್ಮ ಕಡೆ ಕಬ್ಬಿರುವ ಕಡೆಯೆಲ್ಲ ಇವರು ಹುಲ್ಲು ಬೆಳೆದಿದ್ದಾರೆ. ಜೂನ್ ತಿಂಗಳಲ್ಲಿ ಚಳಿಗಾಲ ಅನ್ನುವುದೇ ಮೊದಲ ಗೊಂದಲ. ಎರಡನೆಯದು ಕಾಲು. ನಾನು ಸ್ವೆಟರು, ಮಫ್ಲರು, ಕೋತಿ ಟೋಪಿ ಹಾಕಿಕೊಂಡು ಅಂಗಡಿಗೆ ಹೋದರೆ, ಅಲ್ಲಿ ದೊಡ್ಡ ದೊಡ್ಡ ಗಂಡಸರು ಬರಿಗಾಲಲ್ಲಿ ಓಡಾಡುತ್ತಿದ್ದಾರೆ. ಬಡವರಲ್ಲ, ಕಾರಿನಿಂದ ಇಳಿದು ಬಂದವರು. ಕ್ಯಾನ್ವಾಸ್ ಶೂ ಇಲ್ಲದೆ ಬಂದ ಮಕ್ಕಳನ್ನು ಸಾಲಿನಿಂದ ಆಚೆ ನಿಲ್ಲಿಸುತ್ತಿದ್ದ ಮೇಷ್ಟ್ರು ನಾನು. ಯಾರನ್ನು ಎಲ್ಲಿ ನಿಲ್ಲಿಸುವುದು?

ಮೂರನೆಯದು ಮೊಟ್ಟೆ. ರಸ್ತೆ ಬದಿ ಒಂದು ಮರದ ಗೂಡು, ಅದರೊಳಗೆ ಮೊಟ್ಟೆ, ಪಕ್ಕದಲ್ಲೊಂದು ದುಡ್ಡಿನ ಡಬ್ಬಿ. ಕಾಯುವವರು ಯಾರೂ ಇಲ್ಲ. ಇಂಥ ದೇಶದಲ್ಲಿ ಕಳ್ಳ ಹುಡುಗರಿಗೆ ಕ್ಯಾಂಪು ಬೇರೆ ಯಾಕೆ ಅಂತ ಮಹೇಶನನ್ನು ಕೇಳಿದೆ.

"ಮೊಟ್ಟೆ ಯಾರೂ ಮುಟ್ಟಲ್ಲ ಮಾವ. ಕಾರು ಮಾತ್ರ ಎತ್ಕಂಡೋಯ್ತರೆ" ಅಂದ. "ಹೋದ್ ತಿಂಗ್ಳು ನಮ್ ಬೀದೀಲೇ ಓಯ್ತು. ಹುಡುಗ್ರೇ. ಓಡ್ಸಿ, ಎಲ್ಲೋ ಬುಟ್ಟು ಓಗಿದ್ರು."

ಸಮುದ್ರ ದಾಟಿ ಬಂದರೂ ಪ್ರಜ್ವಲನೇ ಎದುರಿಗೆ ನಿಂತಹಾಗಾಯಿತು.

ಪಕ್ಕದ ಮನೆಯ ಗ್ರಹಾಂ ಮುದುಕರು ಸೈನ್ಯದಲ್ಲಿದ್ದವರು, ಆಮೇಲೆ ಅಂಥದೇ ಒಂದು ಕ್ಯಾಂಪಿನಲ್ಲಿ ಹುಡುಗರಿಗೆ ಕವಾಯತು ಹೇಳಿಕೊಟ್ಟವರು. ಮಹೇಶ ಪರಿಚಯ ಮಾಡಿಕೊಟ್ಟ. ಪುಟ್ಟಸ್ವಾಮಿ ಅನ್ನುವ ನನ್ನ ಹೆಸರನ್ನು ಅವರು ಮೊದಲ ದಿನವೇ ಪುಟ್ ಅಂತ ಕತ್ತರಿಸಿದರು. ತಂಗಿ ಬ್ಲಫಿನಲ್ಲಿದ್ದಾಳೆ ಅಂದೆ. ಅಯ್ಯೋ ಅಲ್ಲಿ ವಿಪರೀತ ಚಳಿಯಲ್ಲವೇ, ಅಲ್ಲಿನ ಸಮುದ್ರದ ಸಿಂಪಿಯ ಮಾಂಸ ಮಾತ್ರ ಬಹಳ ರುಚಿ ಅಂದರು. ಅವರ ದೇಶದ ದಕ್ಷಿಣದ ತುದಿಯಲ್ಲೂ ಒಂದು ಬ್ಲಫ್ ಇದೆಯಂತೆ. ನಮ್ಮ ಬ್ಲಫಿನಲ್ಲಿ ಕರೆಂಟು ಹೋಗಿ ಬೆವರುತ್ತಾರೆ ಅಂತ ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಟೀ ತಣ್ಣಗಾಗಿತ್ತು.

ಮುಚ್ಚಿದ ಕ್ಯಾಂಪು

ಗ್ರಹಾಂ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಡ್ರಿಲ್ಲಿನ ಮಾತೇ. ಎಡಗಾಲು ಮೊದಲು ಅನ್ನುವುದು ಅಲ್ಲೂ ಅದೇ, ಇಲ್ಲೂ ಅದೇ. ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಇನ್ನೇನು, ಕೆಸರಲ್ಲಿ ತೆವಳುವ ಹುಡುಗರನ್ನು ಕಣ್ಣಾರೆ ನೋಡಿ, ಫೋಟೋ ತೆಗೆದು, ಜಯಮ್ಮನಿಗೆ ಕಳಿಸುವುದೊಂದೇ ಬಾಕಿ ಅಂದುಕೊಂಡೆ.

ಹೋಗಿ ನೋಡಿದರೆ ಕುರಿ. ಕವಾಯತು ಮೈದಾನದ ತುಂಬ ಕುರಿ ಮೇಯುತ್ತಿವೆ.

"ಇದನ್ನು ಮುಚ್ಚಿ ಬಹಳ ಕಾಲವಾಯಿತು" ಅಂದರು ಗ್ರಹಾಂ.

"ಯಾಕೆ ಮುಚ್ಚಿದರು? ಹುಡುಗರು ಸರಿಹೋಗಲಿಲ್ಲವೇ?"

"ಕೆಲವರು ಹೋದರು. ಕೆಲವರು ಹೋಗಲಿಲ್ಲ. ಉಪಯೋಗವಿಲ್ಲ ಅಂತ ಒಬ್ಬರು ಮುಚ್ಚುತ್ತಾರೆ. ಊರಲ್ಲಿ ಕಾರು ಕಳ್ಳತನ ಜಾಸ್ತಿಯಾದಾಗ ಇನ್ನೊಬ್ಬರು ಬಂದು ಬೇರೆ ಹೆಸರಲ್ಲಿ ತೆರೆಯುತ್ತಾರೆ."

"ನಿಮ್ಮ ಅಭಿಪ್ರಾಯ?"

ಮುದುಕರು ಬೇಲಿ ಹಿಡಿದು ನಿಂತರು. ಕ್ಯಾಂಪಿನೊಳಗೆ ಅವರು ಬಹಳ ಒಳ್ಳೆಯ ಹುಡುಗರು, ಪುಟ್, ಅಂದರು. ಅಂಥ ಸಾಲು, ಅಂಥ ಸೆಲ್ಯೂಟು ಸೈನ್ಯದಲ್ಲೂ ನೋಡಿಲ್ಲವಂತೆ. ಎಲ್ಲರಿಗಿಂತ ಚೆನ್ನಾಗಿ ಸೆಲ್ಯೂಟು ಹೊಡೆಯುತ್ತಿದ್ದವನೇ ಎಲ್ಲರಿಗಿಂತ ಮೊದಲು ಮತ್ತೆ ಸಿಕ್ಕಿಬಿದ್ದನಂತೆ. ಅದು ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ ಅಂದರು. ನಾನು ಹೌದು ಅಂತ ತಲೆ ಆಡಿಸಿದೆ. ಯಾಕೆ ಆಡಿಸಿದೆನೋ ಗೊತ್ತಿಲ್ಲ, ನನಗೂ ಅದು ಅರ್ಥವಾಗಿರಲಿಲ್ಲ.

ಒಂದು ಶೆಡ್ಡಿನೊಳಗೆ ಹಳೇ ಕಬ್ಬಿಣದ ಕುರ್ಚಿ ಬಿದ್ದಿತ್ತು. ಮೊದಲ ದಿನ ಇದರಲ್ಲೇ ಕೂರಿಸಿ ತಲೆಗೆ ಮೆಷಿನ್ನು ಹಾಕುತ್ತಿದ್ದದ್ದು ಅಂದರು. ಹುಡುಗರು ಅಳುತ್ತಿದ್ದರೇ ಅಂತ ಕೇಳಿದೆ.

"ಅಳುತ್ತಿದ್ದವರು ಕಡಿಮೆ. ಸುಮ್ಮನೆ ಕೂರುತ್ತಿದ್ದರು. ಯಾರು ಏನು ಮಾಡಿದರೂ ಸುಮ್ಮನೆ ಕೂತು ಅಭ್ಯಾಸವಾಗಿತ್ತು ಅವರಿಗೆ."

ಪ್ರಜ್ವಲ ಅತ್ತಿದ್ದ. ಮುತ್ತತ್ತಿಯಲ್ಲಿ ಅವನ ಮೊದಲ ಮುಡಿ ತೆಗೆಸಿದಾಗ ನನ್ನ ತೊಡೆಯ ಮೇಲೇ ಕೂತಿದ್ದ. ಸೋದರಮಾವನಲ್ಲದೆ ಇನ್ಯಾರು ಕೂರಿಸಿಕೊಳ್ಳಬೇಕು? ಕತ್ತಿ ಕಂಡು ಕಿರುಚಿ, ನನ್ನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಸ ಪಂಚೆಯನ್ನೂ ಒದ್ದೆ ಮಾಡಿದ್ದ. ನಮ್ಮವ್ವ ಸೋಬಾನೆ ಹಾಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆ ಕುರ್ಚಿಯ ಮುಂದೆ ನಿಂತು ಇದೆಲ್ಲ ಯಾಕೆ ನೆನಪಾಯಿತೋ. ಗ್ರಹಾಂ ನನ್ನ ಮುಖ ನೋಡಿಯಾರು ಅಂತ ಅತ್ತ ತಿರುಗಿ ಚಳಿಗೆ ಕೆಮ್ಮಿದ ಹಾಗೆ ಮಾಡಿದೆ.

ಮಾವೊರಿ ಸಭಾಮನೆ

"ಕ್ಯಾಂಪಿನ ಬಗ್ಗೆ ನನ್ನನ್ನು ಕೇಳುವುದಕ್ಕಿಂತ ಅಲ್ಲಿದ್ದವನನ್ನೇ ಕೇಳು" ಅಂತ ಗ್ರಹಾಂ ಒಂದು ಭಾನುವಾರ ವಿರೆಮು ಅನ್ನುವವನ ಊರಿಗೆ ಕರೆದುಕೊಂಡು ಹೋದರು. ಹುಡುಗನಾಗಿದ್ದಾಗ ಕಾರು ಕದ್ದು ಕ್ಯಾಂಪು ಸೇರಿದ್ದವನು. ಈಗ ಮೀಸೆ ಬಂದ ಗಂಡಸು, ಟೈರ್ ಅಂಗಡಿಯಲ್ಲಿ ಕೆಲಸ. ಅವನ ಕಡೆಯವರು ಆ ನಾಡಿನ ಮೂಲ ನಿವಾಸಿಗಳಾದ ಮಾವೊರಿ ಜನ. ಭಾನುವಾರ ನೆಂಟರೆಲ್ಲ ಸೇರುವ ಒಂದು ದೊಡ್ಡ ಸಭಾಮನೆ ಇದೆ.

ಬಾಗಿಲಲ್ಲಿ ಚಪ್ಪಲಿ ಬಿಡಬೇಕು ಅಂದಾಗ ನಮ್ಮ ಮನೆಗೇ ಬಂದಷ್ಟು ಸಮಾಧಾನವಾಯಿತು. ವಿಮಾನ ನಿಲ್ದಾಣದಲ್ಲಿ ತೊಳೆಸಿಕೊಂಡ ಶೂ ಬಿಚ್ಚಿದರೆ ಕಾಲುಚೀಲದ ತೂತಿನಿಂದ ಹೆಬ್ಬೆಟ್ಟು ಈಚೆ ಬಂದಿದೆ. ಮುಚ್ಚಿಕೊಳ್ಳಲು ಒಂದು ಕಾಲ ಮೇಲೆ ಇನ್ನೊಂದು ಕಾಲಿಟ್ಟು ನಿಂತೆ. ಅಷ್ಟರಲ್ಲಿ ಎಲ್ಲರೂ ಸಾಲಾಗಿ ಬಂದು ಮೂಗಿಗೆ ಮೂಗು ತಾಗಿಸಿ ಮಾತನಾಡಿಸಿದರು. ಅದು ಅವರ ನಮಸ್ಕಾರ. ನನಗೆ ಅಂದಾಜು ತಪ್ಪಿ, ವಿರೆಮುವಿನ ತಾಯಿ ಮೇರೆ ಅನ್ನುವವರ ಕನ್ನಡಕಕ್ಕೆ ಹಣೆ ಬಡಿದೆ. ಆಕೆ ನಕ್ಕರು.

ಬಂದ ಅತಿಥಿ ನಾಲ್ಕು ಮಾತಾಡಿ ಒಂದು ಹಾಡು ಹೇಳಬೇಕಂತೆ. ನನಗೆ ಬರುವುದು ಡ್ರಿಲ್ಲಿನ ಹುಕುಂ ಮಾತ್ರ. ಎಲ್ಲರೂ ಕಾಯುತ್ತಿದ್ದಾರೆ. ಬಾಯಿಗೆ ಬಂದದ್ದು ಅವ್ವನ ಸೋಬಾನೆಯ ಎರಡು ಸಾಲು. ರಾಗ ಎಲ್ಲೋ, ನಾನೆಲ್ಲೋ. ಅವರು ತಲೆದೂಗಿ ಕೇಳಿದರು.

ಊಟಕ್ಕೆ ಕೂತಾಗ ಪ್ರಜ್ವಲನ ವಿಷಯ ಎತ್ತಿದೆ. ಕ್ಯಾಂಪಿನಿಂದ ಉಪಯೋಗವಾಯಿತೇ?

"ಆಯಿತು" ಅಂದರು ಮೇರೆ. "ಹಾಸಿಗೆಯನ್ನು ಅಷ್ಟು ನೀಟಾಗಿ ಮಡಿಸುವುದು ಕಲಿತು ಬಂದ. ದಿನಾ ಬೆಳಿಗ್ಗೆ ಹಾಸಿಗೆ ಮಡಿಸಿಟ್ಟು, ಹೋಗಿ ಕಾರು ಕದಿಯುತ್ತಿದ್ದ."

ಎಲ್ಲರೂ ನಕ್ಕರು. ಆಕೆ ಮಾತ್ರ ನಗಲಿಲ್ಲ. ಕ್ಯಾಂಪು ಮುಗಿದ ಮೇಲೂ ವಿರೆಮು ಸಿಕ್ಕಿಬಿದ್ದು ಒಳಗೆ ಹೋಗಿ ಬಂದನಂತೆ. ಆಮೇಲೆ ಯಾವಾಗಲೋ ಕದಿಯುವುದನ್ನು ನಿಲ್ಲಿಸಿದ.

ಯಾಕೆ ನಿಲ್ಲಿಸಿದ? ಇಲ್ಲೇ ನನ್ನ ತಲೆ ಪೂರ್ತಿ ಕೆಟ್ಟದ್ದು. ಕ್ಯಾಂಪಿನಲ್ಲಿ ಬಿತ್ತಿದ್ದು ತಡವಾಗಿ ಮೊಳೆಯಿತು ಅಂತ ಗ್ರಹಾಂ. ನನ್ನ ಕಣ್ಣೀರು ನೋಡಲಾರದೆ ಅಂತ ಮೇರೆ. ಆಕೆಯ ಅಣ್ಣ ಹೇಮಿ, ಟೈರ್ ಅಂಗಡಿಯ ಯಜಮಾನ, ದಪ್ಪ ಮನುಷ್ಯ, ನಾನು ದಿನಾ ಅವನನ್ನು ಅಂಗಡಿಗೆ ಎಳೆದುಕೊಂಡು ಹೋದೆನಲ್ಲ ಅದಕ್ಕೆ ಅಂದರು. ವಿರೆಮುವನ್ನೇ ಕೇಳಿದೆ. ಅವನು ಹೆಗಲು ಹಾರಿಸಿದ. ಗೊತ್ತಿಲ್ಲ, ವಯಸ್ಸಾಯಿತೇನೋ, ಸುಸ್ತಾಯಿತು ಅಂದ.

"ಹಾಗಾದರೆ ಕ್ಯಾಂಪು ದಂಡವೇ?"

"ಇಲ್ಲ ಇಲ್ಲ. ಅಲ್ಲಿದ್ದದ್ದೇ ನನಗೆ ಬಹಳ ಇಷ್ಟದ ದಿನಗಳು" ಅಂದುಬಿಟ್ಟ.

ನಾನು ಕೈಯಲ್ಲಿದ್ದ ಗೆಣಸನ್ನು ತಟ್ಟೆಗೆ ಹಾಕಿದೆ. "ಕೆಸರು? ಬೈಗುಳ? ತಲೆ ಬೋಳಿಸಿದ್ದು?"

"ಬೈಯುತ್ತಿದ್ದರು. ಆದರೆ ದಿನಾ ಬೆಳಿಗ್ಗೆ ಒಬ್ಬರು ಬಂದು ನನ್ನ ಬಾಗಿಲು ಬಡಿಯುತ್ತಿದ್ದರು. ಮನೆಗೆ ಬಂದ ಮೇಲೆ ನಾನೇ ಎದ್ದು ಹಾಸಿಗೆ ಮಡಿಸುತ್ತಿದ್ದೆ. ಅದರ ಮೇಲೆ ಕೂರುತ್ತಿದ್ದೆ. ಅಮ್ಮ ಆಗಲೇ ಕೆಲಸಕ್ಕೆ ಹೋಗಿರುತ್ತಿದ್ದಳು. ನನ್ನ ಬಾಗಿಲಿಗೆ ಬರುತ್ತಿದ್ದವರು ಕಾರು ಕದಿಯುವ ಗೆಳೆಯರು ಮಾತ್ರ."

ಮೇರೆ ಎದ್ದು ಪಾತ್ರೆ ತೆಗೆಯಲು ಹೋದರು.

ಹೇಮಿ ನನ್ನ ಕಡೆ ತಿರುಗಿ, ನಿಮ್ಮ ಹುಡುಗ ನಿಮಗೆ ಏನಾಗಬೇಕು ಅಂತ ಕೇಳಿದರು. ತಂಗಿಯ ಮಗ ಅಂದೆ. ನಮ್ಮಲ್ಲಿ ಸೋದರಮಾವ ಅಂದರೆ ಬೇರೆಯೇ ಲೆಕ್ಕ, ಮಗುವಿನ ಮೊದಲ ಕೂದಲು ತೆಗೆಸುವಾಗ ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಾವೇ, ನಾನು ಈಗ ಹೇಳಿದ ಹಾಡು ಅವನ ಮುಡಿ ತೆಗೆಯುವಾಗ ನಮ್ಮವ್ವ ಹಾಡಿದ್ದೇ ಅಂತ ದೊಡ್ಡದಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವನು ನಿಮ್ಮ ತೊಡೆಯ ಮೇಲೆ ಕೂತವನು" ಅಂದರು. "ಮತ್ತೆ ನೀವು ಇಷ್ಟು ದೂರ ಬಂದು ನಮ್ಮನ್ನು ಯಾಕೆ ಕೇಳುತ್ತಿದ್ದೀರಿ?"

ಗೆಣಸು ಬಹಳ ಚೆನ್ನಾಗಿದೆ ಅಂದೆ.

ಮತ್ತೆ ಬ್ಲಫ್

ವಿಮಾನದಲ್ಲಿ ಬರುವಾಗಲೂ ಲೆಕ್ಕ ಹಾಕಿದ್ದೇ ಹಾಕಿದ್ದು. ಕಳಿಸಿ ಅನ್ನಲು ಒಂದು ಕಾರಣ ಸಿಕ್ಕರೆ ಬೇಡ ಅನ್ನಲು ಇನ್ನೊಂದು ಸಿಗುತ್ತಿತ್ತು. ಮಳವಳ್ಳಿಗೆ ಬಂದ ಮಾರನೆಯ ದಿನವೇ ಬ್ಲಫಿಗೆ ಹೋದೆ. ಬಸ್ಸಿನಲ್ಲಿ ಪಕ್ಕದವನು "ಏನ್ ಮೇಷ್ಟ್ರೇ, ಫಾರಿನ್ ಎಂಗಿತ್ತು?" ಅಂದ. ಬರಿಗಾಲಲ್ಲಿ ಓಡಾಡುತ್ತಾರೆ ಕಣಪ್ಪ ಅಂದೆ. ಅವನು ನಂಬಲಿಲ್ಲ.

ಜಯಮ್ಮನ ಹಜಾರದಲ್ಲಿ ಒಂದು ಹೊಸ ಬ್ಯಾಗು ತುಂಬಿ ಜಿಪ್ಪು ಎಳೆದು ಇಟ್ಟಿದ್ದರು. ಕ್ಯಾಂಪಿನ ವ್ಯಾನು ಸೋಮವಾರ ಬರುತ್ತದಂತೆ. ನನ್ನ ಮಾತು ಏನಿರುತ್ತದೆ ಅಂತ ಅವರಿಗೆ ಗೊತ್ತಿತ್ತು. ಡ್ರಿಲ್ ಮೇಷ್ಟ್ರು ಇನ್ನೇನು ಹೇಳಿಯಾನು?

"ಏಳಣ್ಣ. ನೋಡಿದ್ಯಾ? ಎಂಗದೆ?" ಅಂದಳು ಜಯಮ್ಮ.

"ನೋಡ್ದೆ ಕಣಮ್ಮ. ನನಗೇನೂ ತಿಳೀಲಿಲ್ಲ."

ನಂಜುಂಡ ನನ್ನ ಮುಖವನ್ನೇ ನೋಡಿದ. ನಮ್ಮ ಮನೆತನದಲ್ಲಿ ಹಿರಿಯಣ್ಣ ಅನ್ನಿಸಿಕೊಂಡವನು ತಿಳೀಲಿಲ್ಲ ಅಂದದ್ದು ಅದೇ ಮೊದಲಿರಬೇಕು. "ಅಷ್ಟ್ ದೂರ ಓಗಿ ಬಂದು ಇಂಗಂದ್ರೆ ಎಂಗೆ ಭಾವ?"

"ಹಂಗೇ ಕಣಯ್ಯ. ಕ್ಯಾಂಪಿಂದ ಸರಿಹೋದೋರೂ ಅವ್ರೆ, ಕೆಟ್ಟೋರೂ ಅವ್ರೆ. ಯಾಕೆ ಅಂತ ಅಲ್ಲಿರೋರಿಗೇ ಗೊತ್ತಿಲ್ಲ. ಹುಡುಗ ಎಲ್ಲಿ?"

ಜಯಮ್ಮ ಕೂಗಿದಳು. ಪ್ರಜ್ವಲ ಹಿತ್ತಲಿಂದ ಬಂದು ಬಾಗಿಲ ಹತ್ತಿರ ನಿಂತ. ತಲೆ ನುಣ್ಣಗೆ ಬೋಳಿಸಿತ್ತು. ಕಿವಿಗಳು ದೊಡ್ಡದಾಗಿ ಕಂಡವು. ಬೋಳಿಸಿಕೊಂಡೇ ಬರಬೇಕು ಅಂತ ಕ್ಯಾಂಪಿನವರು ಹೇಳಿದ್ದರಂತೆ.

"ಎಲ್ಲಿ ತೆಗೆಸ್ದೆಲಾ?" ಅಂದೆ.

"ಮಳವಳ್ಳೀಲಿ ಮಾವ."

"ಯಾರ್ ಕರ್ಕಂಡೋಗಿದ್ರು?"

"ಯಾರಿಲ್ಲ. ನಾನೊಬ್ನೇ ಓಗಿದ್ದೆ."

ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಅಳು ಬಂತು, ತಡೆಯಲೂ ಇಲ್ಲ. ಮಳವಳ್ಳಿಯಲ್ಲಿ ನನ್ನ ಮನೆಯಿದೆ, ಹೆಂಡತಿಯಿದ್ದಾಳೆ. ಆ ಬೀದಿಯಲ್ಲೇ ಹಾದು ಹೋಗಿ ಇವನು ಯಾವುದೋ ಕುರ್ಚಿಯಲ್ಲಿ ಒಬ್ಬನೇ ಸುಮ್ಮನೆ ಕೂತು ಬಂದಿದ್ದಾನೆ.

"ಕ್ಯಾಂಪಿಗೆ ಓಯ್ತೀಯ?" ಅಂತ ಕೇಳಿದೆ. ಯಾರಾದರೂ ಅವನನ್ನೇ ಕೇಳಿದ್ದು ಅದೇ ಮೊದಲು ಅಂತ ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಓಯ್ತೀನಿ ಮಾವ" ಅಂದ. "ಅಲ್ಲಿ ನಾನ್ಯಾರು ಅಂತ ಯಾರ್ಗೂ ಗೊತ್ತಿರಲ್ಲ." ಬ್ಯಾಗಿನ ಕಡೆ ನೋಡಿ, "ಆಮೇಲೆ ಎಲ್ಲಿಗೆ ಬರ್ಲಿ?" ಅಂದ.

ನಂಜುಂಡ ತಲೆ ತಗ್ಗಿಸಿದ. ನಾನು ಎದ್ದು ಬ್ಯಾಗಿನ ಹಿಡಿ ಹಿಡಿದು ಎತ್ತಿದೆ. ಭಾರವಿತ್ತು. "ವ್ಯಾನಿನೋರ್ಗೆ ಫೋನ್ ಮಾಡಿ ಬ್ಯಾಡ ಅಂದ್ಬುಡು ಜಯ. ಇವ್ನು ನನ್ನ ಜೊತೆಗೆ ಬತ್ತಾನೆ. ಕಾಲೇಜು ಅಲ್ಲೇ ಅದೆ."

"ಅಂಗಾದ್ರೆ ಸರಿ ಓಯ್ತಾನಾ ಅಣ್ಣ?"

"ಗೊತ್ತಿಲ್ಲ ಕಣಮ್ಮ" ಅಂದೆ. ಸುಳ್ಳು ಹೇಳುವುದಕ್ಕೆ ಮನಸ್ಸಾಗಲಿಲ್ಲ.

ಹೊರಡುವಾಗ ನಂಜುಂಡ ಬಸ್ ಸ್ಟ್ಯಾಂಡಿನವರೆಗೂ ನಮ್ಮ ಹಿಂದೆಯೇ ಬಂದ. ಬಸ್ಸು ಬಂದಾಗ ಮಗನ ಕೈಯಿಂದ ಬ್ಯಾಗು ತೆಗೆದುಕೊಂಡು ತಾನೇ ಒಳಗಿಟ್ಟ. ಮಾತು ಆಡಲಿಲ್ಲ. ಇಳಿದು, ಕಿಟಕಿಯ ಕೆಳಗೆ ನಿಂತು, ಬಸ್ಸು ಹೊರಡುವವರೆಗೂ ಅಲ್ಲೇ ಇದ್ದ.

ಪ್ರಜ್ವಲ ಕಿಟಕಿ ಪಕ್ಕ ಕೂತ. ಬೋಳುತಲೆಗೆ ಗಾಳಿ ಹೊಡೆಯುತ್ತಿತ್ತು, ಆಗಾಗ ಸವರಿಕೊಳ್ಳುತ್ತಿದ್ದ. ನನ್ನ ಮಫ್ಲರು ಕೊಟ್ಟೆ. ಸುತ್ತಿಕೊಂಡ.

"ಮಾವ, ಬೆಳಗ್ಗೆ ಎಷ್ಟೊತ್ಗೆ ಎದ್ದೇಳ್ಬೇಕು?" ಅಂದ. ನನ್ನ ಸೀಟಿಯ ಕತೆ ಅವನಿಗೂ ಗೊತ್ತಿತ್ತು, ದನಿಯಲ್ಲಿ ಅಂಜಿಕೆಯಿತ್ತು.

"ನೀನು ಮಲ್ಗಿರ್ಲಾ" ಅಂದೆ. "ನಾನು ಬಂದು ಬಾಗ್ಲು ಬಡೀತೀನಿ."